ಚೋಕ್ ಎಳೆದ ಕಾಲ: ಪೆಟ್ರೋಲ್, ಗಾಳಿ ಮತ್ತು ಎಂಜಿನ್ ಬಿಸಿಯ ಕಥೆ

ಭಾಗ 1/11

ಚಿತ್ರದಲ್ಲಿ ಡ್ಯಾಶ್‌ಬೋರ್ಡ್ ಕೆಳಗಡೆ ಕಾಣ್ತಿರೋ ಆ ಕಪ್ಪು ಗುಂಡಿ ಏನು ಹೇಳಿ ನೋಡೋಣ? 2000ನೇ ಇಸವಿ ಆಚೆ ಹುಟ್ಟಿದವರು ಯಾರಾದ್ರೂ ಸರಿಯಾಗಿ ಹೇಳಿದ್ರೆ ಅವರಿಗೊಂದು ಶಹಬ್ಬಾಸ್. ಅದು ಚೋಕ್.

ಮಾಗಿಯ ಚಳಿಯಲ್ಲಿ ಪದ್ಮಿನಿಯನ್ನೋ ಅಂಬಾಸಿಡರನ್ನೋ ಎಬ್ಬಿಸಬೇಕಾದ್ರೆ ಮೊದಲು ಆ ಗುಂಡಿ ಎಳೀಬೇಕಿತ್ತು. ಗಾಡಿ ಒಂದೆರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಆಮೇಲೆ ದಾರಿಗೆ ಬರೋದು. ಆಗ ಗುಂಡಿಯನ್ನ ನಿಧಾನವಾಗಿ ಒಳಗೆ ತಳ್ಳಬೇಕು. ಮರೆತರೆ ಪೆಟ್ರೋಲೂ ಹೋಯ್ತು, ಪ್ಲಗ್ಗೂ ಹೋಯ್ತು.

ಇನ್ನೊಂದು ಮಾತನ್ನೂ ನೀವು ಗ್ಯಾರೇಜುಗಳಲ್ಲಿ ಕೇಳಿರ್ತೀರಿ. "ಪೆಟ್ರೋಲ್ ಉಳಿಸೋಕೆ ಹೋಗಿ ಲೀನ್ ಮಾಡಬೇಡಿ ಸಾರ್, ಎಂಜಿನ್ ಸುಟ್ಟು ಹೋಗುತ್ತೆ."

ಈ ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಣ್ಣಗಿರೋ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಬಿಸಿಯಾಗಿರೋ ಎಂಜಿನ್ನಿಗೆ ಪೆಟ್ರೋಲ್ ಕಮ್ಮಿ ಕೊಟ್ಟರೆ ಇನ್ನೂ ಬಿಸಿಯಾಗುತ್ತೆ. ಉರಿಯೋ ವಸ್ತು ಕಮ್ಮಿ ಆದ್ರೆ ಬಿಸಿಯೂ ಕಮ್ಮಿ ಆಗಬೇಕಲ್ವಾ? ಒಲೆಗೆ ಸೌದೆ ಕಮ್ಮಿ ಹಾಕಿದ್ರೆ ಅನ್ನ ಸೀಯುತ್ತಾ?

ಈ ಒಗಟನ್ನ ಬಿಡಿಸೋಕೆ ಮನುಷ್ಯರಿಗೆ ಸುಮಾರು ನೂರು ವರ್ಷ ಹಿಡೀತು. ನಡುವೆ ಒಂದು ಮಹಾಯುದ್ಧ ಬಂತು, ಸಮುದ್ರದ ಮೇಲೆ ಪೆಟ್ರೋಲ್ ಲೆಕ್ಕ ಹಾಕ್ತಾ ಹಾರಿದ ಪೈಲಟ್‌ಗಳು ಬಂದ್ರು, ನಮ್ಮ ಮೈಸೂರಿನ ಬೈಕುಗಳೂ ಬಂದವು. ಈ ಹನ್ನೊಂದು ಪೋಸ್ಟುಗಳಲ್ಲಿ ಆ ಕಥೆ ಹೇಳ್ತೀನಿ. ನಿಮ್ಮ ಮನೇಲಿ ಹಳೇ ಕಾರ್ಬೊರೇಟರ್ ಗಾಡಿ ಇದ್ರೆ ಕೊನೇ ಭಾಗ ತಪ್ಪಿಸಬೇಡಿ. ಈಗ ಬಂಕಿನಲ್ಲಿ ಸಿಗ್ತಿರೋ ಪೆಟ್ರೋಲ್ ಈ ಹಳೇ ಒಗಟನ್ನ ಮತ್ತೆ ನಿಮ್ಮ ಬಾಗಿಲಿಗೆ ತಂದಿದೆ.

ಭಾಗ 2/11

ಮೊದಲು ಒಂದು ಸಣ್ಣ ವಿಷಯ. ಪೆಟ್ರೋಲ್ ಉರಿಯೋದಿಲ್ಲ. ಉರಿಯೋದು ಪೆಟ್ರೋಲಿನ ಆವಿ, ಅದೂ ಗಾಳಿ ಜೊತೆ ಸರಿಯಾದ ಅಳತೆಯಲ್ಲಿ ಬೆರೆತಾಗ ಮಾತ್ರ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದ್ರೆ ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಹೆಚ್ಚಿದ್ರೆ ಮೆಕ್ಯಾನಿಕ್ ಭಾಷೆಯಲ್ಲಿ ರಿಚ್, ಕಮ್ಮಿ ಇದ್ರೆ ಲೀನ್. ಮುಂದಿನ ಕಥೆಯೆಲ್ಲಾ ಈ ಒಂದು ಸಂಖ್ಯೆಯ ಸುತ್ತಲೇ ತಿರುಗುತ್ತೆ.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಸೂಜಿಯೂ ಇರಲಿಲ್ಲ, ಜೆಟ್ಟೂ ಇರಲಿಲ್ಲ. ಒಂದು ಡಬ್ಬಿಯಲ್ಲಿ ಇಂಧನ. ಅದರ ಮೇಲೆ ಹಾದುಹೋಗುವ ಗಾಳಿ ಆವಿಯನ್ನ ಹೊತ್ತುಕೊಂಡು ಎಂಜಿನ್ನಿಗೆ ಹೋಗೋದು. ಒದ್ದೆ ಬಟ್ಟೆ ಗಾಳಿಗೆ ಒಣಗುತ್ತಲ್ಲ, ಅಷ್ಟೇ ತತ್ವ. ಒದ್ದೆ ಬಟ್ಟೆಯ ಕಷ್ಟವೇ ಇದಕ್ಕೂ ಇತ್ತು. ಬಿಸಿಲಿದ್ರೆ ಬೇಗ ಒಣಗುತ್ತೆ, ಚಳಿಯಲ್ಲಿ ಒಣಗಲ್ಲ. ಹಾಗಾಗಿ ಅಳತೆ ಅನ್ನೋದು ಆ ದಿನದ ಹವೆಯ ಮರ್ಜಿಗೆ ಬಿಟ್ಟಿದ್ದು.

1888ರ ಆಗಸ್ಟ್‌ನಲ್ಲಿ ಬೆಂಜ್‌ನ ಹೆಂಡತಿ ಬರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ದೂರ ಸುಮಾರು 106 ಕಿಲೋಮೀಟರ್. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರಾಯಿನ್ ಅನ್ನೋ ದ್ರಾವಣ ಕೊಂಡು ತುಂಬಿಸಿಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು.

ಇವತ್ತಿಗೂ ರಸ್ತೆ ಬದಿಯಲ್ಲಿ ಗಾಡಿ ನಿಂತ್ರೆ ನಾವು ಮಾಡೋದು ಅದನ್ನೇ ಅಲ್ವಾ? ಜೆಟ್ ಬಿಚ್ಚಿ, ಬಾಯಲ್ಲಿ ಊದಿ, ಸಣ್ಣ ತಂತಿ ತೂರಿಸೋದು! ಆ ಕೆಲಸಕ್ಕೆ ನಾಂದಿ ಹಾಡಿದವಳು ಬರ್ಥಾ.

ಭಾಗ 3/11

ಒದ್ದೆ ಬಟ್ಟೆ ವಿಧಾನದಿಂದ ಬಿಡುಗಡೆ ಸಿಕ್ಕಿದ್ದು 1893ರಲ್ಲಿ. ಹಂಗೇರಿಯಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ, ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬಾಕ್. ಒಂದೇ ವರ್ಷದಲ್ಲಿ ಎರಡೂ ಕಡೆ ಒಂದೇ ದಾರಿ ಹೊಳೀತು: ಪೆಟ್ರೋಲನ್ನ ಸಣ್ಣ ತೂತಿನಿಂದ ಗಾಳಿಯೊಳಗೆ ಚಿಮ್ಮಿಸೋದು. ಗಾಳಿ ಇಕ್ಕಟ್ಟಾದ ಜಾಗದಲ್ಲಿ ಜೋರಾಗಿ ಓಡಿದಾಗ ಅಲ್ಲಿ ಒತ್ತಡ ಇಳಿಯುತ್ತೆ, ಆ ಸೆಳೆತಕ್ಕೆ ಪೆಟ್ರೋಲ್ ತಾನಾಗೇ ಮೇಲೆ ಬರುತ್ತೆ. ಮನೆಯಲ್ಲಿದ್ದ ಹಳೇ ಫ್ಲಿಟ್ ಪಂಪ್ ನೆನಪಿದ್ಯಾ? ಅದೇ.

ಆದ್ರೆ ಅಳತೆ ಕೈಗೆ ಬಂತಾ? ಪೂರ್ತಿ ಇಲ್ಲ. ಎಂಜಿನ್ ಜೋರಾಗಿ ತಿರುಗಿದಷ್ಟೂ ಗಾಳಿ ಹೆಚ್ಚೋದಕ್ಕಿಂತ ಬೇಗ ಪೆಟ್ರೋಲ್ ಹೆಚ್ಚುತ್ತೆ. ನಿಧಾನಕ್ಕೆ ತಿರುಗುವಾಗ ಲೀನ್, ಜೋರಾದಾಗ ರಿಚ್. 1902ರಲ್ಲಿ ಫ್ರಾನ್ಸಿನ ಪಾನ್ಹಾರ್ ಕಂಪನಿಯ ಆರ್ತರ್ ಕ್ರೆಬ್ಸ್, ಜೋರಾದಾಗ ಹೆಚ್ಚುವರಿ ಗಾಳಿಯನ್ನ ತಾನಾಗೇ ಬಿಡುವ ವ್ಯವಸ್ಥೆ ಮಾಡಿದ. 1905ರಲ್ಲಿ ಇಂಗ್ಲೆಂಡಿನ ಸ್ಕಿನ್ನರ್ ಅಣ್ಣತಮ್ಮಂದಿರು ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೆ ಚೂಪು ಸೂಜಿ ಕಟ್ಟಿದ ಕಾರ್ಬೊರೇಟರಿಗೆ ಪೇಟೆಂಟ್ ಕೋರಿದರು. ಎಸ್‌ಯು ಅಂತ ಹೆಸರಾದದ್ದು ಅದೇ. ಗಾಳಿ ಎಷ್ಟು ಬೇಕೋ ಅಷ್ಟು ಪಿಸ್ಟನ್ ಏಳುತ್ತೆ, ಜೊತೆಗೆ ಸೂಜಿ ಎದ್ದು ಅಷ್ಟೇ ಪೆಟ್ರೋಲ್ ಬಿಡುತ್ತೆ.

ಇಷ್ಟೆಲ್ಲಾ ನಡೀತಿದ್ದಾಗ 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ ಕಾರ್ಬೊರೇಟರೇ ಇರಲಿಲ್ಲ. ಬಿಸಿಯಾದ ಲೋಹದ ತಟ್ಟೆ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಆವಿಯಾಗಿ ಒಳಗೆ ಹೋಗ್ತಿತ್ತು. ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ. ಅವರಿಗೆ ಒಂದು ವಿಷಯ ಅರ್ಥವಾಗಿತ್ತು: ಬಿಸಿ ಇಲ್ಲದೆ ಪೆಟ್ರೋಲ್ ಆವಿಯಾಗಲ್ಲ. ಹಾಗಿದ್ರೆ ಎಂಜಿನ್ ಇನ್ನೂ ತಣ್ಣಗಿರುವಾಗ ಏನು ಗತಿ?

ಭಾಗ 4/11

ಪೆಟ್ರೋಲ್ ಒಂದೇ ವಸ್ತು ಅಲ್ಲ, ಹಲವು ದ್ರವಗಳ ಬೆರಕೆ. ಕೆಲವು ಚಳಿಯಲ್ಲೂ ಹಾರಿಹೋಗ್ತವೆ, ಕೆಲವಕ್ಕೆ ಒಳ್ಳೇ ಬಿಸಿ ಬೇಕು. ಚಳಿಯ ಬೆಳಿಗ್ಗೆ ನೀವು ಕಿಕ್ ಹೊಡೆದಾಗ ಹಗುರವಾದ ಆ ಸ್ವಲ್ಪ ಭಾಗ ಮಾತ್ರ ಆವಿಯಾಗುತ್ತೆ. ಉಳಿದದ್ದು ಹನಿಯಾಗಿಯೇ ಉಳಿದು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತೆ. ಕಾರ್ಬೊರೇಟರ್ ಲೆಕ್ಕ ಹಾಕಿ ಸರಿಯಾಗೇ ಕಳಿಸಿದೆ, ಆದ್ರೆ ಸ್ಪಾರ್ಕ್ ಪ್ಲಗ್ ಮುಂದೆ ಬಂದಿರೋದು ಲೀನ್ ಮಿಶ್ರಣ. ಬೆಂಕಿ ಹತ್ತಲ್ಲ.

ಪರಿಹಾರ ಒರಟಾದದ್ದು: ಬೇಕಾದ್ದಕ್ಕಿಂತ ಹಲವು ಪಟ್ಟು ಪೆಟ್ರೋಲ್ ಸುರಿ, ಅದರಲ್ಲಿ ಆವಿಯಾಗೋವಷ್ಟಾದ್ರೂ ಉರಿಯಲಿ. ಚೋಕ್ ಮಾಡೋದು ಇಷ್ಟೇ. ಗಾಳಿಯ ದಾರಿಗೆ ತಟ್ಟೆ ಅಡ್ಡ ಹಾಕಿ ಎಂಜಿನ್ನಿನ ಗಂಟಲು ಹಿಸುಕುತ್ತೆ. ಗಾಳಿ ಕಮ್ಮಿ, ಸೆಳೆತ ಜಾಸ್ತಿ, ಪೆಟ್ರೋಲ್ ಜಾಸ್ತಿ. ಹೆಸರೇ ಅದು, ಉಸಿರು ಕಟ್ಟಿಸೋದು. ಎಸ್‌ಯು ಮಾತ್ರ ಬೇರೆ ದಾರಿ ಹಿಡೀತು. ಅದರಲ್ಲಿ ಚೋಕ್ ಕೇಬಲ್ ಎಳೆದರೆ ಜೆಟ್ ಕೆಳಗಿಳಿದು ಸೂಜಿಯ ಸುತ್ತ ಜಾಗ ದೊಡ್ಡದಾಗುತ್ತೆ.

ಆದ್ರೆ ಇದಕ್ಕೆ ಬೆಲೆ ಇದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನ ತೊಳೆದುಬಿಡುತ್ತೆ. ಪಿಸ್ಟನ್ ರಿಂಗು ಒಣ ಲೋಹಕ್ಕೆ ಉಜ್ಜುತ್ತೆ. ಸ್ವಲ್ಪ ಪೆಟ್ರೋಲ್ ಕೆಳಗಿಳಿದು ಎಂಜಿನ್ ಆಯಿಲನ್ನೇ ನೀರು ಮಾಡುತ್ತೆ. ಪ್ಲಗ್ ಮೇಲೆ ಮಸಿ ಕೂರುತ್ತೆ. ಎಂಜಿನ್ ಸವೆಯೋದು ಉದ್ದ ಪ್ರಯಾಣಕ್ಕಿಂತ ಇಂಥಾ ಬೆಳಗಿನ ನಿಮಿಷಗಳಲ್ಲೇ ಜಾಸ್ತಿ.

ಅದಕ್ಕೇ ಎಂಜಿನಿಯರುಗಳು ಬೇಗ ಬಿಸಿ ಮಾಡೋ ದಾರಿ ಹುಡುಕಿದರು. ಸೈಲೆನ್ಸರಿಗೆ ಹೋಗೋ ಬಿಸಿ ಹೊಗೆಯನ್ನ ಕಾರ್ಬೊರೇಟರ್ ಕೆಳಗಿನ ಕೊಳವೆಗೆ ತಾಗಿಸಿದರು. ಚೋಕ್ ತಟ್ಟೆಗೆ ಎರಡು ಲೋಹ ಸೇರಿಸಿದ ಸುರುಳಿ ಕಟ್ಟಿ, ಬಿಸಿಯಾದಂತೆ ತಾನಾಗೇ ತೆರೆದುಕೊಳ್ಳುವ ಹಾಗೆ ಮಾಡಿದರು. ನಮ್ಮೂರಿನ ಗಾಡಿಗಳಿಗೆ ಆ ಭಾಗ್ಯ ಬರಲಿಲ್ಲ. ಇಲ್ಲಿ ಚಾಲಕನ ಕೈಯೇ ಸುರುಳಿ, ಕಿವಿಯೇ ಥರ್ಮಾಮೀಟರ್.

ಭಾಗ 5/11

ಈಗ ಒಗಟಿನ ಇನ್ನೊಂದು ತುದಿ. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲ್ ಕಮ್ಮಿ ಮಾಡಿದ್ರೆ ಏನಾಗುತ್ತೆ?

ಒಂದು ಗುಡ್ಡವನ್ನ ಕಲ್ಪಿಸಿಕೊಳ್ಳಿ. ಎಡ ಬುಡದಲ್ಲಿ ತುಂಬಾ ರಿಚ್, ಬಲ ಬುಡದಲ್ಲಿ ತುಂಬಾ ಲೀನ್. ಗುಡ್ಡದ ಎತ್ತರ ಅಂದ್ರೆ ಎಂಜಿನ್ನಿಂದ ಹೊರಬರುವ ಹೊಗೆಯ ಬಿಸಿ.

ಎಡ ಬುಡದಲ್ಲಿ ಪೆಟ್ರೋಲ್ ಜಾಸ್ತಿ, ಗಾಳಿ ಸಾಲದು. ಪೂರ್ತಿ ಉರಿಯೋದಿಲ್ಲ. ಉರಿಯದೇ ಉಳಿದ ಪೆಟ್ರೋಲ್ ಆವಿಯಾಗ್ತಾ ಬಿಸಿಯನ್ನ ಹೀರುತ್ತೆ. ಕೈ ಮೇಲೆ ಪೆಟ್ರೋಲ್ ಚೆಲ್ಲಿದಾಗ ತಣ್ಣಗಾಗೋದು ನೋಡಿದೀರಲ್ಲ? ಅದೇ ಕೆಲಸ ಎಂಜಿನ್ ಒಳಗೆ. ಆದ್ದರಿಂದ ರಿಚ್ ಅಂದ್ರೆ ತಂಪು. ಸುಮಾರು 12.5ರಿಂದ 13ಕ್ಕೆ 1ರ ಅಳತೆಯಲ್ಲಿ ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುತ್ತೆ.

ಅಲ್ಲಿಂದ ಪೆಟ್ರೋಲ್ ಕಮ್ಮಿ ಮಾಡ್ತಾ ಬನ್ನಿ, ನೀವು ಗುಡ್ಡ ಹತ್ತುತ್ತಿದ್ದೀರಿ. ಬಿಸಿ ಏರ್ತಾ ಹೋಗುತ್ತೆ. 14.7ರ ಆಸುಪಾಸಿನಲ್ಲಿ ನೆತ್ತಿ. ಗ್ಯಾರೇಜಿನ ಎಚ್ಚರಿಕೆ ನಿಜವಾಗೋದು ಈ ಹತ್ತುವ ದಾರಿಯಲ್ಲಿ. ಫುಲ್ ಆಕ್ಸಿಲರೇಟರ್ ಕೊಟ್ಟು ಓಡ್ತಿರುವಾಗ ಈ ನೆತ್ತಿಯ ಹತ್ತಿರ ಇದ್ರೆ ವಾಲ್ವ್ ಸುಡುತ್ತೆ, ಮಿಶ್ರಣ ತಾನಾಗೇ ಸಿಡಿದು ಪಿಸ್ಟನ್ ತಲೆಯಲ್ಲಿ ತೂತು ಬೀಳಬಹುದು.

ಆದ್ರೆ ನೆತ್ತಿ ದಾಟಿದ ಮೇಲೆ? ಇಳಿಜಾರು! ಈಗ ಗಾಳಿ ಜಾಸ್ತಿ. ಇರೋ ಬೆಂಕಿ ಆ ಹೆಚ್ಚುವರಿ ಗಾಳಿಯನ್ನೂ ಬಿಸಿ ಮಾಡಬೇಕು. ಬಿಸಿ ಹಂಚಿಹೋಗುತ್ತೆ. 16ರ ಹತ್ತಿರ ಎಂಜಿನ್ ನಿಜಕ್ಕೂ ತಂಪಾಗುತ್ತೆ, ಪೆಟ್ರೋಲೂ ಉಳಿಯುತ್ತೆ. ಇನ್ನೂ ಮುಂದೆ ಹೋದ್ರೆ ಬೆಂಕಿ ಮಂದವಾಗಿ, ಎಂಜಿನ್ ಮುಗ್ಗರಿಸಿ, ಕಾರ್ಬೊರೇಟರಿನಲ್ಲಿ ಡಬ್ ಅನ್ನುತ್ತೆ.

ಅಂದ್ರೆ ಲೀನ್ ಆದ್ರೆ ಸುಡುತ್ತೆ ಅನ್ನೋದು ಅರ್ಧ ಸತ್ಯ. ಮಿಕ್ಕ ಅರ್ಧವನ್ನ ಸೈನಿಕರಿಗೆ ಮನವರಿಕೆ ಮಾಡಿಕೊಟ್ಟವನು ಒಬ್ಬ ವಿಮಾನ ಚಾಲಕ.

ಭಾಗ 6/11

ಅಳತೆಯ ಬಗ್ಗೆ ಕಾರಿನವರಿಗಿಂತ ವಿಮಾನದವರಿಗೆ ಹೆಚ್ಚು ಚಿಂತೆ. ಕಾರಣ ಎರಡು. ಒಂದು, ಮೇಲೆ ಹೋದಂತೆ ಗಾಳಿ ತೆಳುವಾಗುತ್ತೆ. ಕಾರ್ಬೊರೇಟರ್ ಬಿಡುವ ಪೆಟ್ರೋಲ್ ಅಷ್ಟರ ಮಟ್ಟಿಗೆ ಇಳಿಯಲ್ಲ. ಮಿಶ್ರಣ ರಿಚ್ ಆಗ್ತಾ ಹೋಗುತ್ತೆ. ಹಳೇ ಬುಲೆಟ್‌ನಲ್ಲಿ ಲಡಾಖ್‌ಗೆ ಹೋಗಿಬಂದವರನ್ನ ಕೇಳಿ. 5,359 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಕಡಲ ತೀರದ ಸುಮಾರು ಅರ್ಧ. ಗಾಡಿ ಕಪ್ಪು ಹೊಗೆ ಉಗುಳ್ತಾ ಏದುಸಿರು ಬಿಡುತ್ತೆ. ಎರಡನೇ ಕಾರಣ ಇನ್ನೂ ಸರಳ. ಪೆಟ್ರೋಲ್ ಮುಗಿದ್ರೆ ವಿಮಾನವನ್ನ ಪಕ್ಕಕ್ಕೆ ನಿಲ್ಲಿಸಕ್ಕಾಗಲ್ಲ.

ಅದಕ್ಕೇ ವಿಮಾನದಲ್ಲಿ ಮಿಕ್ಸ್ಚರ್‌ಗೆ ಬೇರೆಯದೇ ಸನ್ನೆ. ಪೈಲಟ್ ಹಾರುತ್ತಲೇ ಅಳತೆ ಬದಲಿಸಬಹುದು.

ಆ ಸನ್ನೆಯನ್ನ ಬಳಸೋದರಲ್ಲಿ ಪಳಗಿದವನು ಚಾರ್ಲ್ಸ್ ಲಿಂಡ್‌ಬರ್ಗ್. 1927ರ ಮೇ 20ರಂದು ನ್ಯೂಯಾರ್ಕ್‌ನಿಂದ ಒಬ್ಬನೇ ಹೊರಟು ಮೂವತ್ತಮೂರೂವರೆ ಗಂಟೆ ಹಾರಿ ಪ್ಯಾರಿಸ್‌ನಲ್ಲಿ ಇಳಿದ. ಅವನ ವಿಮಾನದಲ್ಲಿ ಇದ್ದದ್ದು ಒಂದೇ ಎಂಜಿನ್, ರೈಟ್ ಕಂಪನಿಯ ವರ್ಲ್‌ವಿಂಡ್. ಹೊರಟಾಗ ತುಂಬಿಸಿದ್ದು ಸುಮಾರು 450 ಗ್ಯಾಲನ್ ಪೆಟ್ರೋಲ್. ಇಳಿದಾಗ ಟ್ಯಾಂಕುಗಳಲ್ಲಿ ಇನ್ನೂ ಸುಮಾರು 85 ಗ್ಯಾಲನ್ ಉಳಿದಿತ್ತು! ವಿಮಾನ ಹಗುರಾದಂತೆ ಎಂಜಿನ್ ವೇಗ ಇಳಿಸಿ, ಮಿಶ್ರಣ ಲೀನ್ ಮಾಡಿ, ಗಂಟೆಗಂಟೆಗೂ ಲೆಕ್ಕ ಇಟ್ಟವನಿಗೆ ಸಿಕ್ಕ ಉಳಿತಾಯ ಅದು.

ಆಮೇಲೆ ಲಿಂಡ್‌ಬರ್ಗ್‌ನ ಬದುಕು ನೇರ ದಾರಿಯಲ್ಲಿ ಹೋಗಲಿಲ್ಲ. ಅಮೆರಿಕ ಯುದ್ಧಕ್ಕೆ ಇಳಿಯಬಾರದು ಅಂತ ಸಭೆ ಸಭೆಗಳಲ್ಲಿ ಮಾತಾಡಿದ. 1941ರಲ್ಲಿ ಯಹೂದಿಗಳ ಬಗ್ಗೆ ಆಡಿದ ಮಾತಿಗೆ ಛೀಮಾರಿ ಹಾಕಿಸಿಕೊಂಡ. ಯುದ್ಧ ಶುರುವಾದಾಗ ಮತ್ತೆ ಸೈನ್ಯ ಸೇರ್ತೀನಿ ಅಂದ್ರೆ ರೂಸ್‌ವೆಲ್ಟ್ ಸರ್ಕಾರ ಒಪ್ಪಲಿಲ್ಲ. ಹಾಗಾಗಿ 1944ರಲ್ಲಿ ಪೆಸಿಫಿಕ್ ರಣರಂಗಕ್ಕೆ ಬಂದಾಗ ಅವನು ಸೈನಿಕನಲ್ಲ, ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯ ತಾಂತ್ರಿಕ ಪ್ರತಿನಿಧಿ.

ಭಾಗ 7/11

1944ರ ಜೂನ್ ಕೊನೆ. ನ್ಯೂಗಿನಿ ದ್ವೀಪದ ಹೊಲಾಂಡಿಯಾ. ಅಮೆರಿಕದ 475ನೇ ಫೈಟರ್ ಗ್ರೂಪ್ ಅಲ್ಲಿತ್ತು, ಕರ್ನಲ್ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಕೈಕೆಳಗೆ. ಅವರ ಬಳಿ ಇದ್ದದ್ದು ಪಿ-38 ಲೈಟ್ನಿಂಗ್ ಯುದ್ಧವಿಮಾನ. ಚಿತ್ರದಲ್ಲಿ ನೋಡಿ, ಎರಡು ಬಾಲ, ಎರಡು ಆಲಿಸನ್ ಎಂಜಿನ್, ಒಂದೊಂದಕ್ಕೂ ಹನ್ನೆರಡು ಸಿಲಿಂಡರ್.

ಅಲ್ಲಿನ ದೊಡ್ಡ ಶತ್ರು ದೂರ. ಕಣ್ಣು ಹಾಯಿಸಿದಷ್ಟೂ ಸಮುದ್ರ, ಇಲ್ಲಾ ಕಾಡು. ಪೆಟ್ರೋಲ್ ಮುಗಿದವನು ನೀರಿಗೇ ಇಳಿಯಬೇಕು.

ಲಿಂಡ್‌ಬರ್ಗ್‌ಗೆ ಆಗ 42 ವರ್ಷ. ಜೊತೆಗಿದ್ದ ಪೈಲಟ್‌ಗಳು ಇಪ್ಪತ್ತರ ಹುಡುಗರು. ಅವರ ಜೊತೆ ಹಾರಿ ಬಂದ. ಒಂದೆರಡು ಹಾರಾಟ ಆಗೋದ್ರೊಳಗೆ ವಿಮಾನ ನೋಡಿಕೊಳ್ಳುವ ಮೆಕ್ಯಾನಿಕ್‌ಗಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ದಾರಿ, ಒಂದೇ ಹೊತ್ತು, ಆದ್ರೆ ಈತನ ಟ್ಯಾಂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ರೋಲ್ ಉಳಿದಿದೆ!

ಮ್ಯಾಕ್‌ಡೊನಾಲ್ಡ್ ಎಲ್ಲರನ್ನೂ ಕೂರಿಸಿ, ಲಿಂಡ್‌ಬರ್ಗ್‌ಗೆ ಹೇಳಿಕೊಡಲು ಕೇಳಿದ. ಹುಡುಗರು ಹಾರ್ತಿದ್ದದ್ದು ನಿಮಿಷಕ್ಕೆ 2,200ರಿಂದ 2,400 ಸುತ್ತಿನಲ್ಲಿ, ಮಿಕ್ಸ್ಚರ್ ರಿಚ್‌ನಲ್ಲಿ. ಲಿಂಡ್‌ಬರ್ಗ್ ಹೇಳಿದ್ದು: ಸುತ್ತು 1,600ಕ್ಕೆ ಇಳಿಸಿ, ಮಿಕ್ಸ್ಚರ್ ಲೀನ್‌ಗೆ ಹಾಕಿ, ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡವನ್ನ ಸ್ವಲ್ಪ ಹೆಚ್ಚಿಡಿ.

ಹುಡುಗರು ಬೆಚ್ಚಿದರು. ಇದುವರೆಗೆ ಕಲಿಸಿದ್ದಕ್ಕೆ ಪೂರ್ತಿ ತಿರುಗುಮುರುಗು! ವಾಲ್ವ್ ಸುಡುತ್ತೆ, ಪ್ಲಗ್ ಕೆಡುತ್ತೆ, ಸಮುದ್ರದ ನಡುವೆ ಎಂಜಿನ್ ಕೈಕೊಟ್ರೆ ಹೊಣೆ ಯಾರು? ಆ ಭಯ ಸುಳ್ಳಲ್ಲ. ಹಿಂದಿನ ಪೋಸ್ಟಿನ ಗುಡ್ಡದ ನೆತ್ತಿ ನೆನಪಿಸಿಕೊಳ್ಳಿ.

ಉತ್ತರ ಕೊಟ್ಟಿದ್ದು ಎಂಜಿನ್ನುಗಳೇ. ಲಿಂಡ್‌ಬರ್ಗ್ ಹಾರಿಸಿದ ಎಂಜಿನ್ನುಗಳು ಸುಟ್ಟಿರಲಿಲ್ಲ. ಪೈಲಟ್‌ಗಳು ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ಆರೇಳು ಗಂಟೆಯ ಹಾರಾಟ ಒಂಬತ್ತು ಗಂಟೆಯವರೆಗೂ ಹಿಗ್ಗಿತು. ಅಲ್ಲಿವರೆಗೆ ಕೈಗೆಟುಕದ ದ್ವೀಪಗಳು ಹತ್ತಿರ ಬಂದವು. ಎಲ್ಲಕ್ಕಿಂತ ಮುಖ್ಯ, ವಾಪಸ್ ಬರೋಕೆ ಪೆಟ್ರೋಲ್ ಉಳೀತಿತ್ತು.

ಭಾಗ 8/11

ಲಿಂಡ್‌ಬರ್ಗ್ ಮಾತು ಫಲಿಸಿದ್ದು ಯಾಕೆ? ಮಂತ್ರ ಏನಿಲ್ಲ. ಆರಾಮಾಗಿ ಹಾರುವಾಗ ಎಂಜಿನ್ ತನ್ನ ಪೂರ್ತಿ ಶಕ್ತಿಯ ಒಂದು ಪಾಲನ್ನಷ್ಟೇ ಕೊಡ್ತಿರುತ್ತೆ. ಒಳಗೆ ಉರಿಯೋ ಪೆಟ್ರೋಲೇ ಕಮ್ಮಿ, ಹುಟ್ಟೋ ಬಿಸಿಯೂ ಕಮ್ಮಿ. ಅಷ್ಟು ಬಿಸಿಯನ್ನ ತಂಪು ಮಾಡುವ ನೀರು ಸುಲಭವಾಗಿ ಹೊತ್ತೊಯ್ಯುತ್ತೆ. ಸುತ್ತು ಇಳಿದಾಗ ಉಜ್ಜಾಟದ ನಷ್ಟವೂ ಇಳಿಯುತ್ತೆ. ಅದೇ ವಿಮಾನ ನೆಲ ಬಿಟ್ಟು ಏಳುವಾಗ, ಇಲ್ಲಾ ಶತ್ರು ಬೆನ್ನು ಹತ್ತಿದಾಗ, ಲೀನ್‌ನಲ್ಲಿ ಪೂರ್ತಿ ಶಕ್ತಿ ಕೇಳಿದ್ರೆ? ಪಿಸ್ಟನ್ ಕರಗುತ್ತೆ. ಆಗ ರಿಚ್ ಬೇಕೇ ಬೇಕು, ಹೆಚ್ಚುವರಿ ಪೆಟ್ರೋಲ್ ಅಲ್ಲಿ ಇಂಧನಕ್ಕಿಂತ ಹೆಚ್ಚಾಗಿ ತಣ್ಣೀರಿನ ಕೆಲಸ ಮಾಡುತ್ತೆ.

ಅಂದ್ರೆ ರಿಚ್ ಒಳ್ಳೇದಾ ಲೀನ್ ಒಳ್ಳೇದಾ ಅನ್ನೋ ಪ್ರಶ್ನೆಗೆ, ಆ ಕ್ಷಣ ಎಂಜಿನ್ ಮೇಲೆ ಎಷ್ಟು ಭಾರ ಇದೆ, ಅದು ಎಷ್ಟು ಬಿಸಿಯಾಗಿದೆ ಅನ್ನೋದನ್ನ ಕೇಳದೆ ಉತ್ತರ ಇಲ್ಲ.

ಇದಕ್ಕೆ ಅದೇ ಪಿ-38 ಇನ್ನೊಂದು ಸಾಕ್ಷಿ ಕೊಡುತ್ತೆ. 1943–44ರ ಚಳಿಗಾಲದಲ್ಲಿ ಯುರೋಪಿನ ಆಕಾಶದಲ್ಲಿ ಅದು ಬಹಳ ಎತ್ತರದಲ್ಲಿ, ಮೈಕೊರೆಯುವ ಥಂಡಿಯಲ್ಲಿ ಹಾರ್ತಿತ್ತು. ಅಲ್ಲಿ ಎಂಜಿನ್ನುಗಳು ಪದೇ ಪದೇ ಕೈಕೊಟ್ಟವು. ಹೊಸ ಮಾದರಿಯ ಇಂಟರ್‌ಕೂಲರ್ ಗಾಳಿಯನ್ನ ಬೇಕಾದ್ದಕ್ಕಿಂತ ಹೆಚ್ಚು ತಂಪು ಮಾಡ್ತಿದ್ದದ್ದು ಒಂದು ಕಾರಣ. ಪೆಟ್ರೋಲ್ ಆವಿ ಮತ್ತೆ ಹನಿಗಟ್ಟಿ, ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ ಹೋಗ್ತಿತ್ತು. ನಾಲ್ಕನೇ ಭಾಗದ ಚಳಿ ಬೆಳಗಿನ ಕಷ್ಟವೇ ಇದು, ಆಕಾಶದಲ್ಲಿ. ನ್ಯೂಗಿನಿಯ ಸೆಕೆಯಲ್ಲಿ ಮೆಚ್ಚುಗೆ ಪಡೆದ ಎಂಜಿನ್ ಯುರೋಪಿನ ಚಳಿಯಲ್ಲಿ ಬೈಗುಳ ತಿಂತು.

ಯುದ್ಧ ಮುಗಿದ ಮೇಲೆ ಪ್ರಯಾಣಿಕರ ವಿಮಾನಗಳು ಲೀನ್ ಹಾರಾಟವನ್ನ ನಿತ್ಯದ ಪದ್ಧತಿ ಮಾಡಿಕೊಂಡವು. ಸೂಪರ್ ಕಾನ್ಸ್ಟಲೇಷನ್‌ನಂಥ ವಿಮಾನಗಳಲ್ಲಿ ಫ್ಲೈಟ್ ಎಂಜಿನಿಯರ್ ಶಕ್ತಿಯ ಮಾಪಕ ನೋಡ್ತಾ, ಅದು ನಿಗದಿತ ಮಟ್ಟಕ್ಕೆ ಇಳಿಯೋವರೆಗೆ ಮಿಶ್ರಣ ಲೀನ್ ಮಾಡ್ತಿದ್ದ. 1954ರಿಂದ ನಮ್ಮ ಏರ್ ಇಂಡಿಯಾ ಬಳಿಯೂ ಆ ವಿಮಾನ ಇತ್ತು.

ಭಾಗ 9/11

ಈಗ ಆಕಾಶದಿಂದ ಇಳಿದು ಮೈಸೂರಿಗೆ ಬನ್ನಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಿಂದ ಇಲ್ಲಿ ಜೆಕ್ ದೇಶದ ಜಾವಾ ಬೈಕುಗಳು ತಯಾರಾದವು, ಆಮೇಲೆ ಯೆಜ್ಡಿ ಹೆಸರಲ್ಲಿ. 1996ರಲ್ಲಿ ಬಾಗಿಲು ಹಾಕಿದ್ರೂ ಮೈಸೂರಿನವರ ಬಾಯಲ್ಲಿ ಅದು ಇನ್ನೂ ನಮ್ಮ ಜಾವಾ.

ಇದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಮಿಶ್ರಣದ ಕಥೆ ಇನ್ನೊಂದು ತಿರುವು ತಗೊಳ್ಳುತ್ತೆ. ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಿ ಹಾಕ್ತಿದ್ರು. ಹಾಗಾಗಿ ಪೆಟ್ರೋಲ್ ಕಮ್ಮಿ ಮಾಡಿದ್ರೆ ಎಣ್ಣೆಯೂ ಕಮ್ಮಿ. ಬಿಸಿ ಏರುತ್ತೆ, ಜೊತೆಗೇ ಜಾರಿಕೆಯೂ ಹೋಗುತ್ತೆ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಬೀಡು ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಹಿಗ್ಗಿ ಹಿಡಿದುಕೊಂಡಿತು ಅಂದ್ರೆ ಹಿಂದಿನ ಚಕ್ರ ಲಾಕ್. ಅದೇ ಎಂಜಿನ್ ಸೀಜ್ ಆಗೋದು.

ತಣ್ಣಗಿರುವಾಗಲೂ ಸೀಜ್ ಆಗಬಹುದು, ಗೊತ್ತಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಜೋರಾಗಿ ರೇಸ್ ಮಾಡಿದ್ರೆ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತೆ, ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತೆ. ಎಂಜಿನ್ ಬಿಸಿಯಾಗ್ಲಿ ಬಿಡು ಅಂತ ಹಿರಿಯರು ಹೇಳ್ತಿದ್ದದ್ದಕ್ಕೆ ಇದು ಲೆಕ್ಕ.

ಘಾಟಿ ಇಳಿಯುವಾಗಿನ ಎಚ್ಚರಿಕೆಯೂ ಅದೇ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದ್ರೆ ಎಂಜಿನ್ ಜೋರಾಗಿ ತಿರುಗ್ತಾನೇ ಇರುತ್ತೆ, ಆದ್ರೆ ಪೆಟ್ರೋಲೂ ಇಲ್ಲ ಎಣ್ಣೆಯೂ ಇಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ ಅನ್ನೋದು ಅದಕ್ಕೇ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟೂ ಸ್ಟ್ರೋಕ್ ಕಾರುಗಳಿಗೆ ಸೈಕಲ್ಲಿನ ಹಾಗೆ ಫ್ರೀವೀಲ್ ಇಟ್ಟಿದ್ದೂ ಇದಕ್ಕೇ.

ಆರ್‌ಎಕ್ಸ್ 100 ಪ್ರಿಯರೇ, ಶಬ್ದಕ್ಕೋಸ್ಕರ ಏರ್ ಫಿಲ್ಟರ್ ತೆಗೆದು ಜೆಟ್ ಬದಲಿಸದೆ ಓಡಿಸೋದು ಅಂದ್ರೆ ಏನು ಅಂತ ಈಗ ನೀವೇ ಹೇಳಿ. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಗುಡ್ಡ ಹತ್ತುವ ದಾರಿ.

ಭಾಗ 10/11

ಇಷ್ಟು ಹೊತ್ತು ಎಂಜಿನ್ನಿನ ಆರೋಗ್ಯದ ಮಾತಾಯ್ತು. ನಮ್ಮ ಶ್ವಾಸಕೋಶದ ಗತಿ?

1970ರಲ್ಲಿ ಅಮೆರಿಕ ಶುದ್ಧ ಗಾಳಿಯ ಕಾನೂನನ್ನ ಬಿಗಿ ಮಾಡಿತು. ಕಾರುಗಳ ಹೊಗೆಯ ವಿಷವನ್ನ ಕೆಲವೇ ವರ್ಷದಲ್ಲಿ 90% ಇಳಿಸಬೇಕು. ಕಂಪನಿಗಳು ಮೊದಲು ಮಾಡಿದ್ದು ಮಿಶ್ರಣ ಲೀನ್ ಮಾಡೋದು. ಉರಿಯದ ಪೆಟ್ರೋಲ್, ಕಾರ್ಬನ್ ಮೊನಾಕ್ಸೈಡ್ ಕಮ್ಮಿಯಾದವು. ಆದ್ರೆ ತುಸು ಲೀನ್ ಇದ್ದಾಗಲೇ ನೈಟ್ರೋಜನ್ ಆಕ್ಸೈಡ್ ಅತಿ ಹೆಚ್ಚು ಹುಟ್ಟೋದು! ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಆಗದ, ಬಿಸಿಯಾಗೋವರೆಗೆ ಮುಗ್ಗರಿಸುವ ಕಾರುಗಳು. ಜನ ಬೈದರು.

ಮುಂದೆ ಬಂದದ್ದು ಮೂರೂ ವಿಷಗಳನ್ನ ಒಟ್ಟಿಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದಕ್ಕೊಂದು ಹಟ: ಮಿಶ್ರಣ 14.7ರಿಂದ ಅತ್ತಿತ್ತ ಅಲುಗಬಾರದು. ಇಷ್ಟು ಸೂಕ್ಷ್ಮ ಕೆಲಸ ಸೂಜಿ, ಸ್ಪ್ರಿಂಗಿನಿಂದ ಆಗಲ್ಲ. 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ವೋಲ್ವೊ ಕಾರುಗಳಲ್ಲಿ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆದು ಮಿಶ್ರಣ ರಿಚ್ಚೋ ಲೀನೋ ಅಂತ ಹೇಳುತ್ತೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಬಣ್ಣ ನೋಡ್ತಿದ್ದ ಕೆಲಸ ಈಗ ಕ್ಷಣಕ್ಷಣಕ್ಕೂ.

ತಮಾಷೆ ನೋಡಿ. ಆ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗೋವರೆಗೆ ಕುರುಡು. ಕನ್ವರ್ಟರ್ ಕೂಡ ಹೆಚ್ಚುಕಡಿಮೆ ಅಷ್ಟು ಬಿಸಿಯಾಗೋವರೆಗೆ ಕೆಲಸ ಮಾಡಲ್ಲ. ಹಾಗಾಗಿ ಇವತ್ತಿನ ಕಾರಿನಲ್ಲೂ ಉರಿಯದ ಪೆಟ್ರೋಲಿನ ಹೊಗೆಯ ದೊಡ್ಡ ಪಾಲು ಹೊರಬೀಳೋದು ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದಲ್ಲಿ. ನಿಮ್ಮದೇ ಗೇಟಿನ ಮುಂದೆ, ನಿಮ್ಮದೇ ಮಕ್ಕಳ ಮೂಗಿಗೆ.

ನಮ್ಮಲ್ಲಿ 1995ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಬಂತು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ಬೈಕುಗಳೂ ಇಂಜೆಕ್ಷನ್ನಿಗೆ ಬದಲಾದವು. ಚೋಕ್ ಗುಂಡಿ ಇತಿಹಾಸ ಸೇರ್ತು.

ಭಾಗ 11/11

ಕೊನೇ ಭಾಗ, ನಿಮ್ಮ ಮನೆಯ ಹಳೇ ಗಾಡಿಗೆ.

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯ್ತು. ಅದರಲ್ಲಿ 20% ಎಥನಾಲ್. ಈಗ ಬಹಳಷ್ಟು ಬಂಕುಗಳಲ್ಲಿ ಸಿಗೋದು ಅದೇ.

ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುತ್ತೆ. 1 ಕಿಲೋ ಎಥನಾಲ್ ಉರಿಯೋಕೆ ಸುಮಾರು 9 ಕಿಲೋ ಗಾಳಿ ಸಾಕು. ಲೆಕ್ಕ ಹಾಕಿದ್ರೆ ಇ20ರ ಸರಿಯಾದ ಅಳತೆ ಸುಮಾರು 13.5. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನ ಗಮನಿಸಿ ಸರಿಮಾಡಿಕೊಳ್ಳುತ್ತೆ. ಕಾರ್ಬೊರೇಟರಿಗೆ ಕಣ್ಣಿಲ್ಲ. ಶುದ್ಧ ಪೆಟ್ರೋಲಿಗೆ ಕೂರಿಸಿದ ಹಳೇ ಜೆಟ್ಟು ಹಳೇ ಲೆಕ್ಕದಲ್ಲೇ ಬಿಡುತ್ತೆ. ಅಂದ್ರೆ ನೀವು ಸ್ಕ್ರೂ ಮುಟ್ಟದಿದ್ರೂ ಗಾಡಿ ಸುಮಾರು 7% ಲೀನ್ ಆಗಿದೆ. ಮೇಲಾಗಿ ಎಥನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ಹೆಚ್ಚು ಬಿಸಿ ಕೇಳುತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗೋದು ಕಷ್ಟ, ಚೋಕ್ ಹೆಚ್ಚು ಹೊತ್ತು ಬೇಕು. ನಮ್ಮ ಒಗಟಿನ ಎರಡೂ ತುದಿ ಒಟ್ಟಿಗೆ ಬಂದಿವೆ.

ಏನು ಮಾಡಬಹುದು?

ಒಂದು, ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ರೆ ಸರಿ. ಕಪ್ಪು ಮಸಿ ಇದ್ರೆ ರಿಚ್. ಬೆಳ್ಳಗೆ ಸುಣ್ಣದ ಹಾಗಿದ್ರೆ ಲೀನ್.

ಎರಡು, ಬೆಳ್ಳಗಿದ್ರೆ ಮೊದಲು ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿಸಿ. ಅಲ್ಲಿಂದ ಕದ್ದು ಗಾಳಿ ಒಳಗೆ ಹೋದ್ರೂ ಲೀನ್ ಆಗುತ್ತೆ. ಅದು ಸರಿ ಇದ್ರೆ, ತಿಳಿದ ಮೆಕ್ಯಾನಿಕ್ ಕೈಯಲ್ಲಿ ನೀಡಲ್ ಒಂದು ಗೀರು ಮೇಲೆ ಮಾಡಿಸಿ, ಇಲ್ಲಾ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ.

ಮೂರು, ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ತಡೆಯೋಷ್ಟಾದ ತಕ್ಷಣ ಬಿಡಿ. ಹತ್ತು ನಿಮಿಷ ನಿಂತಲ್ಲೇ ಓಡಿಸಬೇಡಿ. ಅರ್ಧ ನಿಮಿಷ ಆದ್ಮೇಲೆ ಹೊರಟು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ. ಬೇಗ ಬಿಸಿಯಾಗೋದು ಹಾಗೇ.

ಬರ್ಥಾ ಟೋಪಿ ಪಿನ್ನಿನಿಂದ ಮಾಡಿದ್ದು, ಲಿಂಡ್‌ಬರ್ಗ್ ಸನ್ನೆಯಿಂದ ಮಾಡಿದ್ದು, ಈಗ ಕಂಪ್ಯೂಟರ್ ಚಿಪ್ ಮಾಡ್ತಿರೋದು ಒಂದೇ ಕೆಲಸ. ಈ ಹೊತ್ತಿನಲ್ಲಿ, ಈ ಬಿಸಿಯಲ್ಲಿ, ಈ ಭಾರಕ್ಕೆ ಎಂಜಿನ್ ಏನು ಕೇಳ್ತಿದೆ ಅಂತ ತಿಳಿಯೋದು. ಹಳೇ ಗಾಡಿಯಲ್ಲಿ ಆ ಜವಾಬ್ದಾರಿ ಇನ್ನೂ ನಿಮ್ಮ ಕೈಯಲ್ಲೇ ಇದೆ.

ನಿಮ್ಮ ಗಾಡಿಯ ಪ್ಲಗ್ ಯಾವ ಬಣ್ಣ? ಕಾಮೆಂಟಿನಲ್ಲಿ ಹೇಳಿ. ಮನೇಲಿ ಹಳೇ ಜಾವಾ, ಯೆಜ್ಡಿ, ಆರ್‌ಎಕ್ಸ್ ಇರೋ ಗೆಳೆಯರಿಗೆ ಕಳಿಸಿ.

#ಎಂಜಿನ್‌ಕಥೆ #ಕಾರ್ಬೊರೇಟರ್ #ಜಾವಾಯೆಜ್ಡಿ #ಮೈಸೂರು #ಕನ್ನಡದಲ್ಲಿಇತಿಹಾಸ